ಬಾಳೆದಿಂಡಿನ ಬೇಸಿಗೆ

ಇವತ್ತು ಬೆಳಿಗ್ಗೆ ಸಾರಕ್ಕಿ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಆರಿಸುತ್ತ ನಿಂತಿದ್ದೆ. ಪಕ್ಕದಲ್ಲಿ ತರಕಾರಿ ಹರವಿಕೊಂಡಿದ್ದ ಹೆಂಗಸು ಬಾಳೆದಿಂಡೊಂದನ್ನು ಅಡ್ಡ ಮಲಗಿಸಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸತೊಡಗಿದಳು. ಒದ್ದೆ ಮಣ್ಣಿಗೂ ಎಳೆ ಸೌತೆಗೂ ನಡುವಿನ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೇ ಗೊತ್ತಿಲ್ಲದಂತೆ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. "ಯಾಕ್ ಅಂಕಲ್, ದಿಂಡು ತಗೊಳಿ, ಕಿಡ್ನಿಗೆ ಒಳ್ಳೇದು" ಎಂದಳು. "ಗೊತ್ತಮ್ಮ, ನನ್ನಷ್ಟು ಇನ್ಯಾರಿಗೂ ಗೊತ್ತಿಲ್ಲ" ಎಂದು ನಗುತ್ತ ಮುಂದೆ ಹೋದೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ತಿಂದಷ್ಟು ಬಾಳೆದಿಂಡನ್ನು ಇಡೀ ಜೆ.ಪಿ. ನಗರದಲ್ಲಿ ಯಾವ ಹಸುವೂ ತಿಂದಿರಲಾರದು.

ನಾನು ಡ್ರಾಫ್ಟ್ಸ್‌ಮನ್. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು ನಿವೃತ್ತನಾದವನು. ಸಂಜೆಯ ಕೆಲಸ ಮಾತ್ರ ಬೇರೆ. ಹೆಂಡತಿ ವಾರಿಜಾ ಹಾಡುವಾಗ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುವುದು. ಮದುವೆಯಾದ ವರ್ಷ ಶುರುವಾದ ಈ ಕೆಲಸದಿಂದ ನನಗಿನ್ನೂ ನಿವೃತ್ತಿ ಸಿಕ್ಕಿಲ್ಲ. ತಂಬೂರಿಯವನಿಗೆ ಚಪ್ಪಾಳೆಯಿಲ್ಲ, ತಾಳ ಹಾಕುವ ಹಾಗಿಲ್ಲ, ತಲೆದೂಗುವುದೂ ಮಿತಿಯಲ್ಲಿರಬೇಕು. ಅವನು ಶ್ರುತಿ ನಿಲ್ಲಿಸಬಾರದು ಮತ್ತು ಮಧ್ಯದಲ್ಲಿ ಎದ್ದು ಹೋಗಬಾರದು, ಅಷ್ಟೇ. ಅದರಲ್ಲಿ ನನ್ನದು ಎತ್ತಿದ ಕೈ. ಕಾಲು ಜೋಮು ಹಿಡಿದರೂ, ಒಮ್ಮೆ ಪೆಂಡಾಲಿನ ಟ್ಯೂಬ್‌ಲೈಟು ಪಕ್ಕದಲ್ಲೇ ಬಿದ್ದು ಪುಡಿಯಾದರೂ ನಾನು ಕದಲಿದವನಲ್ಲ. ಅದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು. ಮನೆಯ ಅಭ್ಯಾಸದಲ್ಲೂ ನನ್ನ ಜಾಗ ಹಿಂದೆಯೇ. ವಾರಿಜಾಳ ಸಂಗೀತವನ್ನು ನಾನು ಮೂವತ್ತಾರು ವರ್ಷ ಅವಳ ತುರುಬು ನೋಡಿಕೊಂಡು ಕೇಳಿದವನು. ತುರುಬಿನ ಕೆಳಗೆ ಕತ್ತಿನ ನರ ಬಿಗಿದರೆ ತಾರಸ್ಥಾಯಿ ಬರುತ್ತಿದೆಯೆಂದು ನನಗೆ ಮೊದಲೇ ತಿಳಿಯುತ್ತದೆ.

ನಡುಮನೆಯಲ್ಲಿ ಅವಳಿಂದ ಪಾಠ ಹೇಳಿಸಿಕೊಂಡ ಹುಡುಗಿಯರು ದೊಡ್ಡ ದೊಡ್ಡ ವೇದಿಕೆ ಹತ್ತಿದ್ದಾರೆ. ಅವಳಿಗೆ ಮಾತ್ರ ನಮ್ಮ ಬಡಾವಣೆಯ ರಾಮನವಮಿ ಸಂಗೀತೋತ್ಸವದಲ್ಲಿ ಪ್ರತಿವರ್ಷ ಸಂಜೆ ನಾಲ್ಕರ ಬಿಸಿಲಲ್ಲಿ ಹದಿನೈದು ನಿಮಿಷ. ಕೇಳುಗರೆಂದರೆ ಕುರ್ಚಿ ಜೋಡಿಸುವವರು ಮತ್ತು ಪಾನಕಕ್ಕೆಂದು ಬೇಗ ಬಂದವರು. ಆ ವರ್ಷ ಜನವರಿಯಲ್ಲೇ ಉತ್ಸವ ಸಮಿತಿಯ ಅಧ್ಯಕ್ಷ ಮುನಿಯಲ್ಲಪ್ಪ ಮನೆಗೆ ಬಂದರು. "ಮೇಡಂ, ಈ ಸಲ ಎರಡನೇ ಶನಿವಾರ ಆರೂವರೆಗೆ ನಿಮ್ದೇ. ಎರಡೂವರೆ ಗಂಟೆ ಫುಲ್ ಕಛೇರಿ. ಪಿಟೀಲು, ಮೃದಂಗ ಎಲ್ಲಾ ನಾವ್ ನೋಡ್ಕೋತೀವಿ" ಎಂದರು. ಕಾಫಿ ತರಲು ಒಳಗೆ ಹೋದ ವಾರಿಜಾ ಹತ್ತು ನಿಮಿಷವಾದರೂ ಬರಲಿಲ್ಲ. ಹೋಗಿ ನೋಡಿದರೆ, ಒಲೆ ಹಚ್ಚುವುದನ್ನು ಮರೆತು ಹಾಲಿನ ಪಾತ್ರೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಸಿಕ್ಕ ಮೊದಲ ಪೂರ್ಣ ಕಛೇರಿ ಅದು.

ಮುನಿಯಲ್ಲಪ್ಪನವರ ಬಗ್ಗೆ ಹೇಳಲೇಬೇಕು. ಅವರು ಸಾರಕ್ಕಿಯ ಹಳೆಯ ಮನೆತನದವರು. ನಮ್ಮ ರಸ್ತೆಯೆಲ್ಲ ಒಂದು ಕಾಲಕ್ಕೆ ಅವರ ತಾತನ ಹೊಲ. "ಸಾರ್, ನಿಮ್ ಅಡುಗೆಮನೆ ಐತಲ್ಲ, ಅಲ್ಲಿ ನಮ್ ರಾಗಿ ಕಣ ಇತ್ತು" ಎಂದು ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಾರೆ. ಈಗ ಬಾಡಿಗೆ ಮನೆಗಳು, ಒಂದು ಹಾರ್ಡ್‌ವೇರ್ ಅಂಗಡಿ, ಜೊತೆಗೆ ಕನಕಪುರ ರಸ್ತೆಯ ಆಚೆ ಅರ್ಧ ಎಕರೆ ಬಾಳೆ. ಉತ್ಸವಕ್ಕೆ ಕಂಬ, ಎಲೆ, ಹಣ್ಣು ಎಲ್ಲ ಅಲ್ಲಿಂದಲೇ ಬರುತ್ತವೆ. ಯಾರಿಗೆ ಏನು ಕಷ್ಟ ಬಂದರೂ ಆ ಮನುಷ್ಯ ಕೇಳದೆಯೇ ಮೂಗು ತೂರಿಸುತ್ತಾರೆ, ಹಾಗೆಯೇ ಹೆಗಲನ್ನೂ ಕೊಡುತ್ತಾರೆ.

ಸಂಕ್ರಾಂತಿ ಕಳೆದ ವಾರ ವಾರಿಜಾ ಶುರು ಮಾಡಿದಳು. "ರೀ, ಕಛೇರಿಗೆ ಮುಂಚೆ ನೀವೊಂದ್ ಫುಲ್ ಚೆಕಪ್ ಮಾಡಿಸ್ಕೊಳ್ಳಿ. ಸ್ಟೇಜ್ ಮೇಲೆ ಬಿಪಿ ಗಿಪಿ ಅಂತ ಒರಗಿಬಿಟ್ರೆ ನಾನೇನ್ ಮಾಡ್ಲಿ?" ನನಗೆ ಯಾವ ಬಾಧೆಯೂ ಇರಲಿಲ್ಲ. ಅವಳ ಬಾಯಿ ಮುಚ್ಚಿಸಲೆಂದೇ ಜಯನಗರ ನಾಲ್ಕನೇ ಬ್ಲಾಕಿನ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಮಸಾಲೆದೋಸೆ ತಿಂದು ಬಂದೆ. ಬಿಪಿ, ಶುಗರ್ ಎಲ್ಲ ಸರಿಯಿತ್ತು. ಪಿ.ಎಸ್.ಎ. ಎಂಬ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಲೆಕ್ಕವಂತೆ ಅದು. ಆಮೇಲೆ ಎಂ.ಆರ್.ಐ., ಆಮೇಲೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ. ಫೆಬ್ರವರಿ ಹುಟ್ಟುವುದರೊಳಗೆ ಗೊತ್ತಾಯಿತು. ಕ್ಯಾನ್ಸರ್. ಸಣ್ಣದು, ಎಡಭಾಗದಲ್ಲಿ ಒಂದೇ ಕಡೆ, ಇನ್ನೂ ಆರಂಭದ ಹಂತ. ಎಷ್ಟೇ ಸಣ್ಣದೆಂದರೂ ಆ ಪದವಿದ್ದ ಸಾಲನ್ನು ನಾನು ಮೂರು ಸಲ ಓದಿದೆ.

ಮಾರನೆಯ ದಿನ ಹಾಲಿನ ಬೂತಿನ ಹತ್ತಿರ ಮುನಿಯಲ್ಲಪ್ಪ ಸಿಕ್ಕರು. ನನ್ನ ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. "ಏನ್ ಸಾರ್ ಅದು?" ಎಂದರು. ಕ್ಯಾನ್ಸರ್ ಎನ್ನಲು ನಾಲಿಗೆ ಏಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಜಾಗದ ಹೆಸರನ್ನು ಹಾಲು ತರಲು ಬಂದ ಹೆಂಗಸರ ನಡುವೆ ಹೇಳುವುದು ಹೇಗೆ? "ಏನಿಲ್ಲ, ಸ್ಟೋನ್ ಅಂತೆ. ಕಿಡ್ನಿ ಸ್ಟೋನು" ಎಂದುಬಿಟ್ಟೆ. ಬೆಂಗಳೂರಿನಲ್ಲಿ ಮರ್ಯಾದಸ್ಥರಿಗೆ ಬರಬಹುದಾದ ಕಾಯಿಲೆ ಅದೊಂದೇ ಎಂದು ನನಗೆ ಆ ಗಳಿಗೆಯಲ್ಲಿ ಹೊಳೆದಿತ್ತು.

"ಅಷ್ಟೇನಾ? ಬಿಡಿ, ನಾನಿಲ್ವಾ!" ಎಂದರು ಮುನಿಯಲ್ಲಪ್ಪ. ಹತ್ತು ಗಂಟೆಗೆ ನಮ್ಮ ಗೇಟಿನ ಮುಂದೆ ಅವರ ಸ್ಕೂಟರ್ ನಿಂತಿತು. ಕಾಲಿಡುವ ಜಾಗದಲ್ಲಿ ಮೂರಡಿಯ ಬಾಳೆದಿಂಡು.

ಸಂಜೆಯ ಹೊತ್ತಿಗೆ ರಸ್ತೆಗೆಲ್ಲ ಸುದ್ದಿ ಹಬ್ಬಿತ್ತು. ಎದುರುಮನೆಯಿಂದ ದಿಂಡಿನ ಪಲ್ಯ ಬಂತು. ಮೂಲೆಮನೆಯಿಂದ ದಿಂಡಿನ ಕೋಸಂಬರಿ, ವಾರಿಜಾಳ ಶಿಷ್ಯೆಯೊಬ್ಬಳ ತಾಯಿಯಿಂದ ದಿಂಡಿನ ಮೊಸರುಬಜ್ಜಿ. ಮುನಿಯಲ್ಲಪ್ಪನವರಂತೂ ದಿನ ಬಿಟ್ಟು ದಿನ ಹೊಸ ದಿಂಡು ತಂದು, ದಿನಾ ಬೆಳಿಗ್ಗೆ ಅದರ ರಸ ಹಿಂಡಿಸಿ, ನಾನು ಲೋಟ ಖಾಲಿ ಮಾಡುವವರೆಗೂ ಎದುರಿಗೇ ನಿಂತಿರುತ್ತಿದ್ದರು. "ಕಲ್ಲೆಲ್ಲಾ ಕರಗಿ ನೀರಾಗಿ ಹೋಯ್ತದೆ ಸಾರ್, ನೋಡ್ತಿರಿ." ವಾರಿಜಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತಿದ್ದಳು. ಕ್ಯಾನ್ಸರ್ ಎಂದು ತಿಳಿದ ಮೇಲೆ ಅವಳು ಮೊದಲ ಸಲ ನಕ್ಕದ್ದು ನಾನು ಆ ರಸ ಕುಡಿಯುವಾಗ ಮಾಡಿದ ಮುಖ ನೋಡಿ. ಹೀಗಾಗಿ ಸುಳ್ಳನ್ನು ಹಿಂತೆಗೆದುಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಆದರೆ ನಿಜವಾದ ಮಾತು ಮುಂದಿತ್ತು. ಡಾಕ್ಟರು ವಾರಿಜಾಳ ಹಿರಿಯ ಶಿಷ್ಯೆಯರ ವಯಸ್ಸಿನ ಹೆಣ್ಣುಮಗಳು. ಅವರ ಮುಂದೆ ಆ ವಿಷಯ ಮಾತಾಡಲು ನಾನು ಬೆವರುತ್ತಿದ್ದರೆ, ಅವರು ಕುಂಬಳಕಾಯಿ ಹೋಳು ಮಾಡುವವರಷ್ಟು ಸಲೀಸಾಗಿ ಚೀಟಿಯ ಹಿಂದೆ ಚಿತ್ರ ಬರೆದರು. ಒಂದು ದುಂಡನೆಯ ಗ್ರಂಥಿ, ಅದರ ಎಡಮೂಲೆಯಲ್ಲಿ ಓರೆಗೆರೆ ಎಳೆದ ಪುಟ್ಟ ಜಾಗ. "ಇಡೀ ಗ್ರಂಥಿ ತೆಗೆಯೋದು ಒಂದು ದಾರಿ, ರೇಡಿಯೇಶನ್ ಒಂದು ದಾರಿ. ನಿಮ್ಮದು ಚಿಕ್ಕದು, ಒಂದೇ ಕಡೆ ಇದೆ, ಸ್ಕ್ಯಾನ್‌ನಲ್ಲೂ ಸ್ಪಷ್ಟವಾಗಿ ಕಾಣ್ತಿದೆ. ಹಾಗಾಗಿ ಇನ್ನೊಂದು ದಾರಿನೂ ಇದೆ. ಸ್ಕ್ಯಾನಿಂಗ್‌ನಲ್ಲಿ ಬಳಸೋ ಶಬ್ದದ ಅಲೆಗಳೇ. ಅವನ್ನ ಒಂದೇ ಬಿಂದುವಿಗೆ ಕೂಡಿಸಿ ಈ ಜಾಗ ಮಾತ್ರ ಸುಡ್ತೀವಿ. ಚಿಕ್ಕಂದಿನಲ್ಲಿ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡ್ತಿದ್ವಲ್ಲ, ಹಾಗೆ. ಉಳಿದದ್ದನ್ನ ಮುಟ್ಟಲ್ಲ."

ನಾನು ಚಿತ್ರವನ್ನೇ ನೋಡುತ್ತಿದ್ದೆ. "ಟಾಲರೆನ್ಸ್ ಎಷ್ಟು? ಗಡಿಯಾಚೆ ಎಷ್ಟು ಮಿಲಿಮೀಟರ್ ಹೋಗುತ್ತೆ?" ಎಂದೆ.

"ನೀವು ಇಂಜಿನಿಯರಾ ಸಾರ್?"

"ಅಲ್ಲಮ್ಮ, ಇಂಜಿನಿಯರ್‌ಗಳ ತಪ್ಪು ತಿದ್ದುತ್ತಿದ್ದವನು."

ಡಾಕ್ಟರು ನಕ್ಕರು, ಆದರೆ ಏನನ್ನೂ ಮುಚ್ಚಿಡಲಿಲ್ಲ. ಈ ವಿಧಾನ ಎಲ್ಲರಿಗೂ ಹೊಂದುವುದಿಲ್ಲ, ಉಳಿದ ಭಾಗದಲ್ಲಿ ಮುಂದೆ ಮತ್ತೆ ಬರಬಹುದು, ಆಗಾಗ ರಕ್ತಪರೀಕ್ಷೆ, ಸ್ಕ್ಯಾನು, ಮತ್ತೊಂದು ಬಯಾಪ್ಸಿ ತಪ್ಪಿದ್ದಲ್ಲ ಎಂದರು. ಪೂರ್ತಿ ತೆಗೆದರೆ ಕೆಲವರಿಗೆ ತಿಂಗಳುಗಟ್ಟಲೆ ಮೂತ್ರ ಹಿಡಿತಕ್ಕೆ ಸಿಗದೆ ಸೋರುವುದುಂಟು, ದಾಂಪತ್ಯಕ್ಕೂ ತೊಂದರೆಯಾಗುವುದುಂಟು. ಈ ವಿಧಾನದಲ್ಲಿ ಆ ಭಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ ಎಂದೂ ಹೇಳಿದರು. ಯೋಚಿಸಿ ಬನ್ನಿ ಎಂದು ಕಳಿಸಿದರು.

ಮನೆಗೆ ಬಂದು ವಾರಿಜಾ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕುಳಿತಳು. "ಪೂರ್ತಿ ತೆಗೆಸ್ಬಿಡಿ. ನಂಗೆ ಕಛೇರಿನೂ ಬೇಡ, ತಂಬೂರಿನೂ ಬೇಡ. ಎಲೆಕ್ಟ್ರಾನಿಕ್ ತಂಬೂರಿ ಇಟ್ಕೊಂಡು ಹಾಡ್ತೀನಿ. ನೀವಿದ್ರೆ ಸಾಕು."

ಆ ಡಬ್ಬಿಯ ಹೆಸರೆತ್ತಿದರೆ ಬೇರೆ ದಿನ ನಾನು ಊಟ ಬಿಡುತ್ತಿದ್ದೆ. ಅಂದು ಕೋಪ ಬರಲಿಲ್ಲ. ಅವಳ ಪಕ್ಕದಲ್ಲಿ ಕುಳಿತು ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೆ ಹೇಳಿದೆ. ಅವಳ ಮೊದಲ ಕಛೇರಿಯಲ್ಲಿ ಒದ್ದೆ ಪಂಚೆಯಲ್ಲಿ ಕೂರುವ ಹೆದರಿಕೆ ನನಗೆ ಸಾವಿನ ಹೆದರಿಕೆಗಿಂತ ಹೆಚ್ಚಾಗಿತ್ತು. ಅವಳ ಹಿಂದೆ ನಾನಲ್ಲದೆ ಡಬ್ಬಿಯೊಂದು ಶ್ರುತಿ ಹಿಡಿಯುವುದನ್ನು ಸಭೆಯಲ್ಲಿ ಕುಳಿತು ನೋಡಲು ನನ್ನಿಂದಾಗದು ಎಂದೆ. ಇನ್ನೊಂದು ವಿಷಯವೂ ಇತ್ತು. ಅರವತ್ತಾರರ ಗಂಡಸು ಅದನ್ನು ಹೆಂಡತಿಗೆ ಹೇಳಬಾರದೆಂದು ಯಾರು ಕಟ್ಟಳೆ ಮಾಡಿದ್ದಾರೆ? ಅದನ್ನೂ ಹೇಳಿದೆ. ವಾರಿಜಾ ಕೆಂಪಾಗಿ, "ಥೂ, ಮೆಟ್ಲ ಮೇಲೆ ಕೂತ್ಕೊಂಡು ಎಂಥ ಮಾತು!" ಎಂದು ಒಳಗೆ ಹೋದಳು. ಮುಂದಿನ ಭೇಟಿಯಲ್ಲಿ ಅವಳೇ ಡಾಕ್ಟರನ್ನು ಕೇಳಿದಳು. "ನಿಮ್ಮಪ್ಪನಿಗೆ ಹೀಗಾಗಿದ್ರೆ ಏನ್ ಮಾಡಿಸ್ತಿದ್ರಿ?"

"ನಮ್ಮಪ್ಪ ನನ್ ಮಾತೇ ಕೇಳಲ್ಲ ಮೇಡಂ" ಎಂದು ಡಾಕ್ಟರು ನಕ್ಕು, ಆಮೇಲೆ ನಿಧಾನವಾಗಿ ಹೇಳಿದರು. "ಚೆಕಪ್‌ಗೆ ತಪ್ಪದೆ ಬರ್ತೀನಿ ಅಂತ ಮಾತು ಕೊಟ್ರೆ ಇದನ್ನೇ ಮಾಡಿಸ್ತಿದ್ದೆ." ವಾರಿಜಾ ನನ್ನ ಪರವಾಗಿ ಮಾತು ಕೊಟ್ಟಳು. ಇವತ್ತಿಗೂ ಆ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ಅವಳೇ. ಇಲ್ಲಿಯವರೆಗಿನ ರಿಪೋರ್ಟುಗಳೆಲ್ಲ ಸಮಾಧಾನ ತಂದಿವೆ.

ಫೆಬ್ರವರಿ ಮಧ್ಯದಲ್ಲಿ ಚಿಕಿತ್ಸೆ ಆಯಿತು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಲಗಿಸಿದ್ದು ನೆನಪಿದೆ. ಹಿಂಬದಿಯಿಂದ ಒಂದು ಕೊಳವೆ ಇಟ್ಟು ಸುಮಾರು ಎರಡು ಗಂಟೆ ಕೆಲಸ ಮಾಡಿದರಂತೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಮೂವತ್ತಾರು ವರ್ಷ ಶಬ್ದದ ಹಿಂದೆ ಕೂತವನಿಗೆ ಕಿವಿಗೆ ಕೇಳದ ಶಬ್ದವೇ ಮದ್ದಾಯಿತು ಎಂದು ವಾರಿಜಾ ಎಲ್ಲ ನರ್ಸುಗಳಿಗೂ ಹೇಳಿದ್ದಳು. ಮಾರನೆಯ ದಿನ, ಮೂತ್ರಕ್ಕೆ ಹಾಕಿದ ನಳಿಕೆ ಮತ್ತು ಚೀಲದ ಸಮೇತ ಮನೆಗೆ ಬಂದೆ. ರಸ್ತೆಯುದ್ದಕ್ಕೂ ಗುಲಾಬಿ ಬಣ್ಣದ ತಬೂಬಿಯಾ ಹೂ ಉದುರಿ ಬಿದ್ದಿತ್ತು. ಆಟೋದವನು, "ಸಾರ್, ಹಂಪ್ ಬಂದ್ರೆ ಹೇಳ್ತೀನಿ, ಗಟ್ಟಿಯಾಗಿ ಹಿಡ್ಕೊಳಿ" ಎಂದು ಪ್ರತಿ ಹಂಪಿಗೂ ಕೂಗಿ ಹೇಳಿ ಕರೆತಂದ. ರಸ್ತೆಯವರಿಗೆ ಕಲ್ಲು ಒಡೆಸಿಕೊಂಡು ಬಂದೆನೆಂದೆವು, ಉಳಿದ ಪುಡಿಯೂ ತೊಳೆದು ಹೋಗಲಿ ಎಂದು ಮುನಿಯಲ್ಲಪ್ಪ ರಸ ನಿಲ್ಲಿಸಲಿಲ್ಲ.

ವಾರ ಕಳೆದು ನಳಿಕೆ ತೆಗೆದರು. ಅಸಲಿ ಪರೀಕ್ಷೆ ಆಮೇಲೆ. ಹದಿನೈದು ನಿಮಿಷಕ್ಕೊಮ್ಮೆ ಮೂತ್ರದ ಅವಸರ. ಕೆಲವು ವಾರ ಹೀಗಿರುತ್ತದೆ, ತಾನೇ ಇಳಿಯುತ್ತದೆ ಎಂದು ಡಾಕ್ಟರು ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟರು. ನನಗೆ ಉಳಿದಿದ್ದದ್ದು ಏಳು ವಾರ, ಮುಟ್ಟಬೇಕಿದ್ದದ್ದು ನೂರೈವತ್ತು ನಿಮಿಷ. ಹಳೆಯ ಗ್ರಾಫ್ ಹಾಳೆ ಹುಡುಕಿ ಗೋಡೆಗೆ ಅಂಟಿಸಿದೆ. ದಿನಾ ಬೆಳಿಗ್ಗೆ ವಾರಿಜಾ ಹಾಡಲು ಕೂತರೆ ನಾನು ತಂಬೂರಿ ಹಿಡಿದು ಕೂರುವುದು, ತಡೆಯಲಾರದೆ ಎದ್ದ ನಿಮಿಷಕ್ಕೆ ಹಾಳೆಯ ಮೇಲೆ ಚುಕ್ಕಿ ಇಡುವುದು. ಮೊದಲ ದಿನ ಹನ್ನೆರಡು. ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು. ಅಲ್ಲಿಗೆ ನಿಂತುಬಿಟ್ಟಿತು. ಮಾರ್ಚ್ ಮುಗಿಯುತ್ತ ಬಂದರೂ ನಲವತ್ತು ದಾಟಲಿಲ್ಲ. ವಾರಿಜಾ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿಯ ಧೂಳು ಒರೆಸಿಟ್ಟಳು. ನಾನು ಅದನ್ನು ಕಂಡೂ ಕಾಣದವನಂತಿದ್ದೆ.

ಆಗ ಮುನಿಯಲ್ಲಪ್ಪ ಮೂರು ದಿನ ಬೀಗರ ಊರಿಗೆ ಹೋದರು. ಗ್ರಾಫು ಒಮ್ಮೆಲೇ ಐವತ್ತೈದು, ಎಪ್ಪತ್ತು, ತೊಂಬತ್ತಕ್ಕೆ ನೆಗೆಯಿತು. ಅವರು ವಾಪಸು ಬಂದ ದಿನ ಮತ್ತೆ ನಲವತ್ತು. ನಾನು ಹಾಳೆಯ ಮುಂದೆ ಇಂಗು ತಿಂದ ಮಂಗನಂತೆ ನಿಂತೆ. ವಾರಿಜಾ ಹಿಂದಿನಿಂದ ಬಂದು ನೋಡಿ, "ರೀ, ಬೆಳಿಗ್ಗೆ ಬೆಳಿಗ್ಗೆ ಒಂದು ಚೊಂಬು ದಿಂಡಿನ ರಸ ಕುಡಿದ್ರೆ ಯಾರಿಗ್ ತಾನೇ ಕೂರಕ್ಕಾಗತ್ತೆ?" ಎಂದಳು. ಜಗತ್ತಿಗೆಲ್ಲ ಗೊತ್ತಿರುವ ದಿಂಡಿನ ಗುಣ, ಅದಕ್ಕೆಂದೇ ಮುನಿಯಲ್ಲಪ್ಪ ಕುಡಿಸುತ್ತಿದ್ದದ್ದು, ನಮಗಿಬ್ಬರಿಗೆ ಮಾತ್ರ ಹೊಳೆದಿರಲಿಲ್ಲ. ಕ್ಯಾನ್ಸರಿನ ಭಯದಲ್ಲಿ ಎಲ್ಲವನ್ನೂ ಚಿಕಿತ್ಸೆಯ ತಲೆಗೇ ಕಟ್ಟಿದ್ದೆವು.

ಮಾರನೆಯ ಬೆಳಿಗ್ಗೆ ಮುನಿಯಲ್ಲಪ್ಪ ದಿಂಡನ್ನು ಹೆಗಲ ಮೇಲೆ ಹೊತ್ತು ಬಂದಾಗ ಬಾಗಿಲಲ್ಲೇ ನಿಲ್ಲಿಸಿ ನಿಜ ಹೇಳಿದೆ. ಕಲ್ಲಲ್ಲ, ಪ್ರಾಸ್ಟೇಟ್ ಕ್ಯಾನ್ಸರ್, ಚಿಕಿತ್ಸೆ ಆಗಿದೆ, ಗುಣವಾಗುತ್ತಿದ್ದೇನೆ ಎಂದೆ. ಅವರು ದಿಂಡನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು.

"ಎರಡು ತಿಂಗಳು ನಂಗೆ ಸುಳ್ಳು ಹೇಳಿದ್ರಾ ಸಾರ್?"

"ನಾಚಿಕೆ ಆಯ್ತು ಮುನಿಯಲ್ಲಪ್ಪ. ಕ್ಷಮಿಸಿ."

ಅವರು ಬಾಗಿಲ ಮೆಟ್ಟಿಲ ಮೇಲೆ ಕುಳಿತರು. "ನಮ್ಮಪ್ಪಂಗೂ ಅದೇ ಇತ್ತು" ಎಂದರು. "ನಾಚ್ಕೆ ಅಂತ ಯಾರ್ಗೂ ಹೇಳ್ಲೇ ಇಲ್ಲ. ನಮಗ್ ಗೊತ್ತಾಗೋ ಹೊತ್ಗೆ ಬೆನ್ನು ಮೂಳೆಗೆ ಹೋಗ್ಬಿಟ್ಟಿತ್ತು. ಆ ರಕ್ತದ ಟೆಸ್ಟು ಎಲ್ಲಿ ಮಾಡ್ತಾರೆ ಸಾರ್?"

ಅಂದೇ ಇಬ್ಬರೂ ಅವರ ಸ್ಕೂಟರಿನಲ್ಲಿ ನಾಲ್ಕನೇ ಬ್ಲಾಕಿಗೆ ಹೋದೆವು. ಅವರ ರಿಪೋರ್ಟು ಸರಿಯಾಗಿತ್ತು. ಖುಷಿಗೆ ಲ್ಯಾಬಿನ ಕೌಂಟರಿನ ಹುಡುಗಿಗೆ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಕೊಟ್ಟು ಬಂದರು. ಅಂದಿನಿಂದ ನನ್ನ ಗ್ರಾಫ್ ಹತ್ತತೊಡಗಿತು. ಕಛೇರಿಯ ಹಿಂದಿನ ದಿನ ನೂರ ನಲವತ್ತಕ್ಕೆ ಮುಟ್ಟಿತ್ತು. ಇನ್ನು ಹತ್ತು ನಿಮಿಷದ ಕೊರತೆ.

ಆ ಶನಿವಾರ ಪೆಂಡಾಲು ತುಂಬಿತ್ತು. ಸಂಜೆ ನಾಲ್ಕು ಹನಿ ಮಳೆ ಬಿದ್ದು ನಿಂತು, ಹೊಂಗೆ ಹೂವಿನ ಕಂಪು, ಪಾನಕದ ಏಲಕ್ಕಿ, ಕೋಸಂಬರಿಯ ಒಗ್ಗರಣೆ ಎಲ್ಲ ಒಂದಾಗಿತ್ತು. ವಾರಿಜಾ ಮಾವಿನ ಚಿಗುರು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ನಾನು ಶ್ರುತಿ ಕೂಡಿಸುತ್ತಿದ್ದಾಗ ಮುನಿಯಲ್ಲಪ್ಪ ಸ್ವಾಗತಕ್ಕೆಂದು ಮೈಕ್ ಹಿಡಿದರು. ವಾರಿಜಾಳನ್ನು ಹೊಗಳಿದರು, ಪಿಟೀಲು ಮೃದಂಗದವರನ್ನು ಹೊಗಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಬೂರಿ ನಮ್ ಡ್ರಾಯಿಂಗ್ ಸಾರು. ಇವ್ರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಬೇಗ ಗೊತ್ತಾಯ್ತು, ಸೌಂಡಲ್ಲೇ ಸುಟ್ಟಾಕಿದ್ರು, ಇವತ್ತು ಇಲ್ಲಿ ಕೂತವ್ರೆ. ಐವತ್ತು ದಾಟಿರೋ ಗಂಡಸ್ರೆಲ್ಲಾ ನಾಚ್ಕೆ ಬಿಟ್ಟು ಒಂದ್ಸಲ ಡಾಕ್ಟ್ರನ್ನ ಕೇಳಿ. ನಾನೂ ಕೇಳಿದ್ದೀನಿ!"

ಹಾಲಿನ ಬೂತಿನಲ್ಲಿ ಮುಚ್ಚಿಟ್ಟದ್ದನ್ನು ನಾಲ್ಕು ದಿಕ್ಕಿನ ಸ್ಪೀಕರುಗಳು ಕೂಗಿ ಹೇಳಿದವು. ಎದ್ದು ಓಡಿಹೋಗಬೇಕೆನಿಸಿತು. ಆದರೆ ತಂಬೂರಿ ಆಗಲೇ ಮಡಿಲಿನಲ್ಲಿತ್ತು. ಮೊದಲ ಸಾಲಿನಲ್ಲಿದ್ದ ಕೋಟಿನ ಮುದುಕರೊಬ್ಬರು ಎದ್ದು ನಿಂತು, "ಯಾವ್ ಡಾಕ್ಟ್ರು ಸಾರ್? ನಂಬರ್ ಕೊಡಿ" ಎಂದು ಗಟ್ಟಿಯಾಗಿ ಕೇಳಿದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ವಾರಿಜಾ ನಕ್ಕಳು, ನಾನೂ ನಕ್ಕೆ. ಅವಳು ಆ ನಗುವಿನಲ್ಲೇ ಮೊದಲ ಷಡ್ಜ ಹಿಡಿದಳು.

ಅವಳು ಅಂದು ಹಾಡಿದ ಹಾಗೆ ಹಿಂದೆಂದೂ ಹಾಡಿರಲಿಲ್ಲ. ಕಲ್ಯಾಣಿ ರಾಗ ಎತ್ತಿಕೊಂಡಾಗ ಪಾನಕದ ಕೌಂಟರಿನವರೂ ಸೌಟು ಕೆಳಗಿಟ್ಟು ಬಂದು ನಿಂತರು. ಹಾಡು ಶುರುವಾಗಿ ಒಂದೂಮುಕ್ಕಾಲು ಗಂಟೆಯಾಗುವ ಹೊತ್ತಿಗೆ ನನಗೆ ಹಳೆಯ ಅವಸರ ಶುರುವಾಯಿತು. ಅಷ್ಟರಲ್ಲಿ ಮೃದಂಗದವರೊಬ್ಬರೇ ನುಡಿಸುವ ತನಿ ಬಂತು. ತನಿ ಎಂದರೆ ನಮ್ಮ ಕಡೆ ಅರ್ಧ ಸಭೆ ಎದ್ದು ಹೋಗಿ ಹಗುರಾಗಿ ಬರುವ ಸಮಯ. ವಾರಿಜಾ ತಲೆ ಹಿಂದೆ ವಾಲಿಸಿ, "ಬೇಕಾದ್ರೆ ಈಗ ಹೋಗ್ಬನ್ನಿ, ಯಾರೂ ನೋಡಲ್ಲ" ಎಂದು ಪಿಸುಗುಟ್ಟಿದಳು. ಬೇಡವೆಂದು ತಲೆಯಾಡಿಸಿದೆ. ಹೇಳಿಕೊಟ್ಟ ವ್ಯಾಯಾಮದ ಹಾಗೆ ಬಿಗಿ ಹಿಡಿದು, ಅವಳ ತುರುಬಿನ ಮಲ್ಲಿಗೆಯನ್ನು ಒಂದೊಂದಾಗಿ ಎಣಿಸುತ್ತ ಕುಳಿತೆ. ಎಣಿಕೆ ಎಲ್ಲೋ ತಪ್ಪಿತು, ಅವಸರವೂ ಮೆಲ್ಲಗೆ ಇಳಿದು ಹೋಯಿತು. ಮಂಗಳ ಮುಗಿದಾಗ ಎದುರಿನ ಗಡಿಯಾರದಲ್ಲಿ ಒಂಬತ್ತಕ್ಕೆ, ಅಂದರೆ ನನ್ನ ನೂರೈವತ್ತಕ್ಕೆ, ಇನ್ನೂ ಎರಡು ನಿಮಿಷ ಇತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುನಿಯಲ್ಲಪ್ಪ ಶಾಲು ಹೊದಿಸಿದರು, ಶಿಷ್ಯೆಯರು ಹಾರ ಹಾಕಿ ಕಾಲಿಗೆ ಬಿದ್ದರು. ಪಿಟೀಲು ಪೆಟ್ಟಿಗೆ ಸೇರಿತು, ಮೃದಂಗ ಚೀಲ ಸೇರಿತು. ನಾನು ಮಾತ್ರ ಕುಳಿತೇ ಇದ್ದೆ, ಮೀಟುತ್ತಲೇ ಇದ್ದೆ. ವಾರಿಜಾ ಬಂದು ಬಗ್ಗಿದಳು. "ರೀ, ಮುಗೀತು. ಏಳಿ ಇನ್ನ."

"ಏಳಲ್ಲ. ಈಗ ನಂಗೆ ಯಾವ ಅವಸರವೂ ಇಲ್ಲ" ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹಾರ, ಶಾಲಿನ ಸಮೇತ ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತು, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಹಾಡತೊಡಗಿದಳು. ಹಾಡುವಾಗ ಅವಳ ಮುಖ ಹೇಗಿರುತ್ತದೆಂದು ನಾನು ನೋಡಿದ್ದು ಅಂದೇ.